ಜಡ್ಜ್ ಸಾಹೇಬ್ರೇ, ಹೆಲ್ಮೆಟ್ ಎಲ್ಲಿ?

ಹೆಲ್ಮೆಟ್ ಇಲ್ಲದೆ ಹಾಸನದ ಎನ್.ಆರ್. ಸರ್ಕಲ್ ದಾಟಿದರೆ ನಮ್ಮಂಥವರಿಗೆ 500 ರೂಪಾಯಿ ದಂಡ. ಹಾಲಿವುಡ್‌ನಲ್ಲಿ ಅದೇ ತಪ್ಪಿಗೆ ಕೋಟಿಗಟ್ಟಲೆ ಸಂಭಾವನೆ ಕೊಡುತ್ತಾರೆ. ನಂಬಿಕೆ ಬಾರದಿದ್ದರೆ 1995ರ 'ಜಡ್ಜ್ ಡ್ರೆಡ್' ಸಿನಿಮಾ ನೋಡಿ. ಬೇಡ, ನೋಡಬೇಡಿ. ನಾನೇ ಹೇಳಿಬಿಡುತ್ತೇನೆ.

ಡ್ರೆಡ್ ಹುಟ್ಟಿದ್ದು 1977ರಲ್ಲಿ, ಇಂಗ್ಲೆಂಡಿನ '2000 ಎಡಿ' ಎಂಬ ಕಾಮಿಕ್ಸ್ ವಾರಪತ್ರಿಕೆಯ ಎರಡನೇ ಸಂಚಿಕೆಯಲ್ಲಿ. ಕತೆ ಕಟ್ಟಿದವರು ಜಾನ್ ವ್ಯಾಗ್ನರ್, ರೂಪ ಕೊಟ್ಟವರು ಕಾರ್ಲೋಸ್ ಎಜ್ಕೆರಾ. ಅವನ ಊರು ಮುಂದಿನ ಕಾಲದ ಮೆಗಾ-ಸಿಟಿ ಒನ್. ಅಲ್ಲಿ ವಕೀಲರಿಲ್ಲ, ವಾಯಿದೆ ಇಲ್ಲ, ಮುಂದಿನ ತಾರೀಕು ಅನ್ನೋದೇ ಇಲ್ಲ. ದೊಡ್ಡ ಬೈಕಿನಲ್ಲಿ ಬರುವ ಒಬ್ಬನೇ ಪೊಲೀಸು, ಒಬ್ಬನೇ ಜಡ್ಜು. ಬೇಕೆಂದರೆ ಅಲ್ಲೇ ಗುಂಡು ಹಾರಿಸಿ ಕೇಸು ಮುಗಿಸುವವನೂ ಅವನೇ. ಹೀರೋ ಅನ್ನೋಕೆ ಬಾಯಿ ಬರುವುದಿಲ್ಲ, ವಿಲನ್ ಅನ್ನೋಕೂ ಮನಸ್ಸಾಗುವುದಿಲ್ಲ.

ಆ ಊರಿನ ಕಾನೂನು ಎಂಥದ್ದು ಅಂದರೆ, ಸಕ್ಕರೆ ನಿಷೇಧ, ಕಾಫಿಯೂ ನಿಷೇಧ. ಸ್ವಲ್ಪ ಯೋಚಿಸಿ. ಡ್ರೆಡ್ ಒಂದು ಸಲ ಈ ಕಡೆ ಬಂದರೆ ಸಕಲೇಶಪುರ ತಾಲ್ಲೂಕು ತಾಲ್ಲೂಕೇ ಒಳಗೆ. ಹೋಟೆಲಿನಲ್ಲಿ ಬೈಟು ಕಾಫಿ ಹೇಳಿದವರಿಗೆ ಒಳಸಂಚಿನ ಕೇಸು ಬೇರೆ. ಕಾಮಿಕ್ಸ್‌ನ ಮಜಾ ಇರುವುದೇ ಇಲ್ಲಿ. ಕಾನೂನನ್ನು ಅಷ್ಟು ಕಟ್ಟುನಿಟ್ಟಾಗಿ ಪಾಲಿಸುವ ಮನುಷ್ಯನನ್ನು ನೋಡಿ ನಗಬೇಕು, ಆಮೇಲೆ ಸ್ವಲ್ಪ ಹೆದರಬೇಕು.

ಇವನ ಮುಖ್ಯ ಗುರುತು ಹೆಲ್ಮೆಟ್. ಕಾಮಿಕ್ಸ್‌ನಲ್ಲಿ ಇಷ್ಟು ದಶಕ ಕಳೆದರೂ ಅವನ ಮುಖವನ್ನು ಓದುಗರಿಗೆ ನೆಟ್ಟಗೆ ತೋರಿಸಿಲ್ಲ. ಕಾಣುವುದು ಗದ್ದ, ಮತ್ತೆ ಯಾವಾಗಲೂ ಕೆಳಮುಖವಾಗಿರುವ ಬಾಯಿ. ಯಾಕೆ ಅಂದರೆ ಕಾನೂನಿಗೆ ಮುಖ ಇರಬಾರದು. ಇದು ನಮ್ಮ ಜಿಲ್ಲೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮುಖ ಕಂಡರೆ ಪರಿಚಯ ಸಿಗುತ್ತದೆ. "ಸಾರ್, ನಿಮ್ಮನ್ನ ಎಲ್ಲೋ ನೋಡಿದೀನಲ್ಲ. ಯಾವೂರು? ಚನ್ನರಾಯಪಟ್ಟಣದ ಕಡೆನಾ? ನಮ್ಮತ್ತೆ ಮನೇನೂ ಅಲ್ಲೇ ಸಾರ್." ಅಷ್ಟು ಹೊತ್ತಿಗೆ ದಂಡ ಅರ್ಧಕ್ಕೆ ಇಳಿದಿರುತ್ತದೆ. ಇನ್ನೊಂದು ಫೋನ್ ಬಂದರೆ ಪೂರ್ತಿ ಮಾಫಿ.

ಇಂಥ ಪಾತ್ರವನ್ನು ಹಾಲಿವುಡ್ ಸ್ಟಾರ್ ಸಿಲ್ವೆಸ್ಟರ್ ಸ್ಟಲೋನ್ ಕೈಗೆ ಕೊಟ್ಟರು. ಸಿನಿಮಾ ಇನ್ನೂ ಮೈಮುರಿದು ಏಳುವಷ್ಟರಲ್ಲಿ ಹೆಲ್ಮೆಟ್ ಕೆಳಗಿಳಿಯಿತು. ಆಮೇಲೆ ಬಹುಪಾಲು ಸಿನಿಮಾ ಬೋಳುತಲೆ ಪ್ರಯಾಣ. ತಲೆಯಲ್ಲಿ ಕೂದಲಿತ್ತು ಬಿಡಿ, ಹೆಲ್ಮೆಟ್ ಇರಲಿಲ್ಲ ಅಷ್ಟೇ. ಪೊಲೀಸ್ ಡ್ರೆಸ್ಸಿಗೆ ಇಟಲಿಯ ಫ್ಯಾಷನ್ ದೊರೆ ಜಾನಿ ವರ್ಸಾಚೆಯನ್ನು ಕರೆಸಿದ್ದರು. ಸಾವಿರಾರು ಕೈದಿಗಳ ನಡುವೆ ಓಡಾಡುವ ಮನುಷ್ಯನಿಗೆ ಫ್ಯಾಷನ್ ಶೋ ಭುಜ. ಪಕ್ಕದಲ್ಲಿ ನಗಿಸುವುದಕ್ಕೆ ಒಬ್ಬ ಕಾಮಿಡಿಯನ್, ರಾಬ್ ಶ್ನೈಡರ್. ಕಾಮಿಕ್ಸ್‌ನಲ್ಲಿ ಜಡ್ಜ್‌ಗಳಿಗೆ ಪ್ರೀತಿ ಪ್ರೇಮ ಎಲ್ಲ ಬಂದ್. ಸಿನಿಮಾದ ಕೊನೆಯಲ್ಲಿ ಮುತ್ತು! ಕಾನೂನು ತನ್ನ ಸಹೋದ್ಯೋಗಿಗೇ ಮುತ್ತು ಕೊಟ್ಟಿತು. ಆಲೂಗಡ್ಡೆ ಬೋಂಡಾ ಅಂತ ಬೋರ್ಡು ಹಾಕಿ ಒಳಗಿನ ಆಲೂಗಡ್ಡೆ ತೆಗೆದು ಬಡಿಸಿದರೆ ಹಾಸನದವರು ಹೋಟೆಲಿನವನನ್ನು ಸುಮ್ನೆ ಬಿಡುತ್ತಿದ್ದರಾ? ಅಮೆರಿಕದವರು ಗಲಾಟೆ ಮಾಡಲಿಲ್ಲ, ಥಿಯೇಟರಿಗೆ ಹೋಗಲಿಲ್ಲ ಅಷ್ಟೇ. ಸುಮಾರು ಒಂಬತ್ತು ಕೋಟಿ ಡಾಲರ್ ಸುರಿದ ಸಿನಿಮಾ ಅವರದೇ ದೇಶದಲ್ಲಿ ನಾಲ್ಕು ಕೋಟಿಯನ್ನೂ ಮುಟ್ಟಲಿಲ್ಲ.

ಇದನ್ನೆಲ್ಲ ನನ್ನ ತಂಗಿ ಮಗನ ಮುಂದೆ ಹೇಳಿದೆ. ಅವನು ಒಬ್ಬ ಸ್ಟಾರ್‌ನ ಕಟ್ಟಾ ಅಭಿಮಾನಿ. ಯಾರು ಅಂತ ಹೇಳುವುದಿಲ್ಲ, ನಾನಿನ್ನೂ ಹಾಸನದಲ್ಲೇ ಬಾಳಬೇಕು.

"ಅಲ್ಲ ಮಾವ, ದುಡ್ಡು ಕೊಟ್ಟಿರೋದೇ ಮುಖಕ್ಕೆ. ಮುಚ್ಚಿಟ್ರೆ ಒಳಗಿರೋದು ಸ್ಟಲೋನೋ ಪಕ್ಕದ್ಮನೆ ಪುಟ್ಟಸ್ವಾಮಿನೋ, ಯಾರಿಗ್ ಗೊತ್ತಾಗುತ್ತೆ?"

"ಗೊತ್ತಾಗಬಾರದು ಅಂತಲೇ ಹೆಲ್ಮೆಟ್ ಕಣೋ."

"ಹಂಗಾದ್ರೆ ಪುಟ್ಟಸ್ವಾಮಿನೇ ಹಾಕ್ಕೊಳ್ಳಿ. ಕಮ್ಮಿಗ್ ಮುಗಿಯುತ್ತೆ."

ಅವನು ತಮಾಷೆಗೆ ಹೇಳಿದ. ನನಗೆ ಮಾತ್ರ ಆ ಐಡಿಯಾ ಚೆನ್ನಾಗಿಯೇ ಇದೆ ಅನ್ನಿಸಿತು.

ಈ ಊರಲ್ಲಿ ಹುಟ್ಟಿ ಬೆಳೆದ ಹುಡುಗನಿಗೆ ಇದು ಅರ್ಥವಾಗಬೇಕಿತ್ತು. ಹಾಸನಾಂಬೆಯ ಬಾಗಿಲು ತೆಗೆಯುವುದು ವರ್ಷಕ್ಕೊಂದೇ ಸಲ. ದೀಪಾವಳಿ ಕಳೆದು ಮುಚ್ಚಿದರೆ ಮತ್ತೆ ಮುಂದಿನ ಆಶ್ವಯುಜ. ಅದಕ್ಕೇ ತಾನೇ ಲಕ್ಷಗಟ್ಟಲೆ ಜನ ಬಿಸಿಲು ಮಳೆ ಅನ್ನದೆ ಸಾಲಿನಲ್ಲಿ ನಿಲ್ಲುವುದು? ಆ ಹಾಲಿವುಡ್ ನಿರ್ಮಾಪಕರ ಕೈಗೆ ಕೊಟ್ಟಿದ್ದರೆ 365 ದಿನವೂ ಬಾಗಿಲು ತೆಗೆದಿಟ್ಟು, ಜನ ಯಾಕೆ ಬರ್ತಿಲ್ಲ ಅಂತ ಮೀಟಿಂಗ್ ಕರೆಯುತ್ತಿದ್ದರು.

ಆದರೆ ನನ್ನ ವಾದಕ್ಕೆ ಒಂದು ತೊಡಕಿದೆ. ಅದನ್ನು ಹೇಳದೆ ಮುಚ್ಚಿಟ್ಟರೆ ನಾನೇನು ಪ್ರಾಮಾಣಿಕನಾದ ಹಾಗಾಯಿತು? 2012ರಲ್ಲಿ 'ಡ್ರೆಡ್' ಅಂತ ಇನ್ನೊಂದು ಸಿನಿಮಾ ಬಂತು. ಕಾರ್ಲ್ ಅರ್ಬನ್ ಅನ್ನೋ ನಟ ಇಡೀ ಸಿನಿಮಾದಲ್ಲಿ ಹೆಲ್ಮೆಟ್ ತೆಗೆದು ಮುಖ ತೋರಿಸಲೇ ಇಲ್ಲ. ಬರೀ ಗದ್ದದಲ್ಲಿ ಅಭಿನಯ. ಕೋಪಕ್ಕೂ ಗದ್ದ, ಬೇಜಾರಿಗೂ ಗದ್ದ, ಯೋಚನೆಗೂ ಗದ್ದ. ಕಾಮಿಕ್ಸ್ ಓದಿದವರು ಕುಣಿದಾಡಿದರು. ಆದರೆ ಕುಣಿದವರಷ್ಟೇ ಟಿಕೆಟ್ ತೆಗೆದುಕೊಂಡದ್ದು. ಅಮೆರಿಕದಲ್ಲಿ ಒಂದೂವರೆ ಕೋಟಿ ಡಾಲರ್ ಕೂಡ ಬರಲಿಲ್ಲ. ಅಂದರೆ ಹೆಲ್ಮೆಟ್ ತೆಗೆದರೂ ನಷ್ಟ, ಹಾಕಿದರೂ ನಷ್ಟ. ಹಾಕಿಕೊಂಡು ನಷ್ಟ ಮಾಡಿಕೊಂಡವನ ಮೇಲೆ ನನಗೆ ಗೌರವ ಜಾಸ್ತಿ. ಆದರೆ ನನ್ನ ಗೌರವವನ್ನು ಯಾವ ಬ್ಯಾಂಕಿನಲ್ಲೂ ಕಟ್ಟಿಸಿಕೊಳ್ಳುವುದಿಲ್ಲ ನೋಡಿ.

ಹುಡುಗ ಈ ಅಂಕಿಗಳನ್ನು ಮೊಬೈಲಿನಲ್ಲಿ ನೋಡಿದ್ದೇ ತಡ, ಗೆದ್ದವನ ಹಾಗೆ ಕೂತ. "ನೋಡಿ, ನಮ್ಮೋರು ಮಾಡಿದ್ರೆ ಹಿಂಗಾಗಲ್ಲ" ಅಂದ. ನಿಂತ ಕಾಲಲ್ಲೇ ಕನ್ನಡ ಡ್ರೆಡ್ ತಯಾರಾಯಿತು. ಅವರಣ್ಣ ಮಹಾರಾಜ ಪಾರ್ಕ್ ಮುಂದೆ ಬೈಕಿನಲ್ಲಿ ಎಂಟ್ರಿ. ಹೆಲ್ಮೆಟ್ ಇರುತ್ತದೆ, ಆದರೆ ಅದರ ಗಾಜು ಪೂರ್ತಿ ಪಾರದರ್ಶಕ. ಒಳಗೆ ಒಂದು ಸಣ್ಣ ಲೈಟು. ಇಂಟರ್ವಲ್‌ಗೆ ವಿಲನ್ ಹೆಲ್ಮೆಟ್ ಒಡೆಯುತ್ತಾನೆ, ಥಿಯೇಟರಿನಲ್ಲಿ ವಿಸಿಲ್. ಸೆಕೆಂಡ್ ಹಾಫಿನಲ್ಲಿ ಅದು ತೀರಿಹೋದ ಅಮ್ಮ ಕೊಡಿಸಿದ ಹೆಲ್ಮೆಟ್ ಅಂತ ಗೊತ್ತಾಗುತ್ತದೆ, ಹೆಂಗಸರೆಲ್ಲ ಅಳುತ್ತಾರೆ. ಮಧ್ಯೆ ರೈತರಿಗೆ ಒಂದು ಡೈಲಾಗು, ಭಾಷೆಗೆ ಒಂದು ಡೈಲಾಗು. ಬಿಡುಗಡೆಯ ದಿನ ಬಿ.ಎಂ. ರಸ್ತೆಯಲ್ಲಿ ಇನ್ನೂರು ಬೈಕಿನ ಮೆರವಣಿಗೆ. ಯಾರ ತಲೆ ಮೇಲೂ ಹೆಲ್ಮೆಟ್ ಇರುವುದಿಲ್ಲ, ಬಾವುಟದಲ್ಲಿ ಮಾತ್ರ ಇರುತ್ತದೆ.

"ಕಟೌಟಿಗೆ ಹಾಲು ಸುರೀತೀರಲ್ಲ, ಅದು ಹೆಲ್ಮೆಟ್ ಮೇಲೆ ಬಿದ್ದು ಜಾರಿ ಹೋಗುತ್ತಲ್ಲೋ?"

"ಕಟೌಟಲ್ಲಿ ಹೆಲ್ಮೆಟ್ ಕೈಲಿರುತ್ತೆ ಮಾವ."

"ಸಕ್ಕರೆ, ಕಾಫಿ ನಿಷೇಧ ಏನ್ ಮಾಡ್ತೀಯ?"

"ಅದು ಕಟ್. ಅಣ್ಣ ಕಾಫಿ ಪುಡಿ ಜಾಹೀರಾತಲ್ಲಿ ಇದಾರೆ."

"ಹೀರೋಯಿನ್?"

"ಬೈಕಿನ ಹಿಂದೆ ಕೂತ್ಕೊಂಡು, ಕೂದಲು ಹಾರಾಡ್ತಾ, ಬಿಸಿಲೆ ಘಾಟಿಲಿ ಒಂದು ಸಾಂಗು."

"ಹಿಂದೆ ಕೂತವರಿಗೂ ಹೆಲ್ಮೆಟ್ ಕಡ್ಡಾಯ ಕಣೋ. 2016ರಿಂದ."

ಅವನು ಮೊದಲ ಸಲ ಯೋಚನೆಗೆ ಬಿದ್ದ. ಗದ್ದ ಕೆರೆದುಕೊಂಡ.

"ಹಂಗಾದ್ರೆ ಆ ಸಾಂಗು ಕಾರಲ್ಲಿ" ಅಂದ.