ಎಪ್ಪತ್ತಮೂರು ಸಿಡಿಗಳ ಟ್ರಂಕು

ಒಂದೇ ಹಾಡಿಗೆ ಹನ್ನೊಂದು ಸಲ ದುಡ್ಡು ಕೊಡುವವರನ್ನು ಕಂಡರೆ ಮನೆಮಂದಿಗೆ ಕನಿಕರ ಬರುವುದು ಸಹಜ. ಅಮೆರಿಕದ ರಾಕ್ ಸಂಗೀತ ತಂಡ ‘ಗ್ರೇಟ್‌ಫುಲ್ ಡೆಡ್’ನ ಅಭಿಮಾನಿಗಳು 2011ರಲ್ಲಿ ಮಾಡಿದ್ದು ಹೆಚ್ಚುಕಡಿಮೆ ಇದನ್ನೇ. 1972ರ ಏಪ್ರಿಲ್ 7ರಿಂದ ಮೇ 26ರವರೆಗೆ ಆ ತಂಡ ಯೂರೋಪ್ ತಿರುಗಿ 22 ಸಂಗೀತ ಕಚೇರಿ ಕೊಟ್ಟಿತ್ತು. ಅವುಗಳಲ್ಲಿ ಒಂದನ್ನೂ ಬಿಡದೆ 73 ಸಿಡಿಗಳಿಗೆ ತುಂಬಿ, ಹಡಗಿನ ಪ್ರಯಾಣಿಕರು ಒಯ್ಯುತ್ತಿದ್ದ ಹಳೆಯ ಟ್ರಂಕಿನಂಥ ಪೆಟ್ಟಿಗೆಯಲ್ಲಿಟ್ಟು, 450 ಡಾಲರ್ ಬೆಲೆ ಕಟ್ಟಿದರು. 7,200 ಪೆಟ್ಟಿಗೆಗಳು ಮುಂಗಡ ಬುಕಿಂಗ್‌ನಲ್ಲೇ, ನಾಲ್ಕು ದಿನದೊಳಗೆ ಖಾಲಿ. ಟ್ರಂಕು ಸಿಗದವರಿಗಾಗಿ ಆಮೇಲೆ ಬರೀ ಸಂಗೀತದ ಆವೃತ್ತಿಯನ್ನೂ ತಂದರು.

ಹನ್ನೊಂದು ಸಲ ಬರುವ ಆ ಹಾಡು ‘ಡಾರ್ಕ್ ಸ್ಟಾರ್’. ಸ್ಟುಡಿಯೊದಲ್ಲಿ ಮುದ್ರಿಸಿ 1968ರಲ್ಲಿ ಹೊರತಂದಾಗ ಅದು ಮೂರು ನಿಮಿಷವೂ ಇರಲಿಲ್ಲ. 1972ರ ಮೇ 11ರಂದು ರೋಟರ್‌ಡ್ಯಾಮಿನಲ್ಲಿ ಅದೇ ಹಾಡು ಮುಕ್ಕಾಲು ಗಂಟೆ ದಾಟಿತು. ಮನೋಧರ್ಮ ಸಂಗೀತ ಕೇಳಿ ಬೆಳೆದ ಕಿವಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೃತಿ ಒಂದೇ ಆದರೂ, ಒಂದೇ ಸಾಲನ್ನು ಬಗೆಬಗೆಯಾಗಿ ಬೆಳೆಸುವ ಈವತ್ತಿನ ನೆರವಲ್ಲು ನಿನ್ನೆಯದಲ್ಲ. ಹಾಗಾಗಿ ಟ್ರಂಕು ಕೊಂಡವರು ಹಾಡುಗಳಿಗಿಂತ ಹೆಚ್ಚಾಗಿ ಹಾಡುಗಳ ನಡುವಿನ ಜಾಗವನ್ನು ಕೇಳುತ್ತಾರೆ. ಹಾಡುಪಟ್ಟಿಯಲ್ಲಿ ಎರಡು ಹೆಸರುಗಳ ನಡುವೆ ಬಾಣದ ಗುರುತಿದ್ದರೆ ತಂಡ ನಿಲ್ಲಿಸದೆ ಒಂದರಿಂದ ಇನ್ನೊಂದಕ್ಕೆ ಜಾರಿತು ಎಂದು ಅರ್ಥ. ಪಳಗಿದವರ ಕಣ್ಣು ಮೊದಲು ಹುಡುಕುವುದು ಆ ಬಾಣಗಳನ್ನೇ.

ಟೇಪಿಗೂ ಸಿಡಿಗೂ ಕಂಪ್ಯೂಟರಿಗೂ ಗಂಡಾಂತರ ಇರುವುದು ಕೂಡ ಅಲ್ಲೇ. ಆ ಪ್ರವಾಸವನ್ನು ಎರಡಂಗುಲ ಅಗಲದ, 16 ಟ್ರ್ಯಾಕುಗಳ ಟೇಪಿನಲ್ಲಿ ಹಿಡಿದಿದ್ದರು. ಗಿಟಾರು, ಡ್ರಮ್ಮು, ಕಂಠ ಎಲ್ಲವೂ ಬೇರೆಬೇರೆ ದಾರಿಯಲ್ಲಿ ಉಳಿದಿದ್ದರಿಂದಲೇ ಸುಮಾರು ನಲವತ್ತು ವರ್ಷ ಕಳೆದ ಮೇಲೂ ಧ್ವನಿ ಎಂಜಿನಿಯರ್ ಜೆಫ್ರಿ ನಾರ್ಮನ್ ಕೂತು ಹೊಸದಾಗಿ ಮಿಕ್ಸ್ ಮಾಡಲು ಸಾಧ್ಯವಾಯಿತು. ಎರಡೇ ಟ್ರ್ಯಾಕಿನ ಟೇಪಾದರೆ ಅಂದು ರಾತ್ರಿ ಬೆರೆಸಿದ್ದೇ ಅಂತಿಮ. ಪಿಯಾನೊ ಕಡಿಮೆಯಾಗಿದ್ದರೆ ಎಂದೆಂದಿಗೂ ಕಡಿಮೆಯೇ. ಆದರೆ ದೊಡ್ಡ ಟೇಪಿಗೆ ಹಸಿವೂ ದೊಡ್ಡದು. 2,500 ಅಡಿಯ ರೀಲು ಸೆಕೆಂಡಿಗೆ 15 ಅಂಗುಲದಂತೆ ಓಡಿದರೆ 33 ನಿಮಿಷ 20 ಸೆಕೆಂಡಿಗೆ ಮುಗಿದುಹೋಗುತ್ತದೆ. ಇನ್ನೊಂದು ಯಂತ್ರ ಸಿದ್ಧವಾಗಿ ಓಡುತ್ತಿಲ್ಲವಾದರೆ, ಮುಕ್ಕಾಲು ಗಂಟೆಯ ಹಾಡು ಎಲ್ಲೋ ಒಂದು ಕಡೆ ತುಂಡಾಗಲೇಬೇಕು. ರೀಲು ಬದಲಿಸುವವನಿಗಾಗಿ ಗಿಟಾರಿಸ್ಟ್ ಕಾಯುವುದಿಲ್ಲ.

ಹಳೆಯ ಕಚೇರಿಗಳ ಸಂಪುಟ ಹೊರಡಿಸುವವರಿಗೆ ಇಂಥ ತುಂಡನ್ನು ಮುಚ್ಚಲು ಸಿಗುವ ತೇಪೆ ಸಭಿಕರ ಟೇಪು. ಡೆಡ್ ತಂಡ ತನ್ನ ಕಚೇರಿಗಳನ್ನು ಧ್ವನಿಮುದ್ರಿಸಿಕೊಳ್ಳಲು ಕೇಳುಗರನ್ನು ಬಿಡುತ್ತಿತ್ತು. 1984ರ ಅಕ್ಟೋಬರಿನಿಂದ ಅವರಿಗೆಂದೇ ಧ್ವನಿ ನಿಯಂತ್ರಣದ ಮೇಜಿನ ಹಿಂದೆ ಜಾಗ ಬಿಟ್ಟುಕೊಟ್ಟಿತು. ಆದರೆ ತೇಪೆ ಹಾಕುವುದು ಅಂದುಕೊಂಡಷ್ಟು ಸುಲಭವಲ್ಲ. ಮೊದಲು ವೇಗ ಹೊಂದಿಸಬೇಕು. ಕ್ಯಾಸೆಟ್ಟು ಶೇಕಡಾ 1ರಷ್ಟು ಜೋರಾಗಿ ಓಡಿದರೆ ಶ್ರುತಿ ಅರ್ಧಸ್ವರದ ಆರನೆಯ ಒಂದು ಪಾಲು ಮೇಲೇರುತ್ತದೆ, ಕಿವಿಗೆ ಅಷ್ಟು ಸಾಕು. ಆಮೇಲೆ ಮಂದ್ರ ತಾರಗಳ ತೂಕ ಸರಿಮಾಡಿ, ಎರಡೂ ಕಡೆ ಒಂದರೊಳಗೊಂದು ಕರಗುವಂತೆ ಬೆಸೆಯಬೇಕು. ಎಷ್ಟು ಬೆಸೆದರೂ ಆ ಕೆಲವು ಸೆಕೆಂಡು ಸಭಾಂಗಣ ಇದ್ದಕ್ಕಿದ್ದಂತೆ ದೊಡ್ಡದಾಗುತ್ತದೆ, ಪಕ್ಕದವನ ಶಿಳ್ಳೆಯೂ ಕೇಳುತ್ತದೆ. ಆ ಶಿಳ್ಳೆಗೆ ಮುಖ ಸಿಂಡರಿಸುವವರಿದ್ದಾರೆ. ಸಂಗೀತ ಕಡಿದು ಮೌನವಾಗುವುದಕ್ಕಿಂತ ಶಿಳ್ಳೆ ಎಷ್ಟೋ ವಾಸಿ.

ಎಪ್ಪತ್ತರ ದಶಕದ ನಡುವಿನಿಂದ ಬಂದ ಕೆಲವು ಟೇಪುಗಳದ್ದು ಇನ್ನೊಂದು ರೋಗ. ಅಯಸ್ಕಾಂತದ ಪುಡಿಯನ್ನು ಹಿಡಿದಿಟ್ಟ ಅಂಟು ಗಾಳಿಯ ತೇವ ಹೀರಿ ಮೆತ್ತಗಾಗುತ್ತದೆ. ಹಾಗೇ ಓಡಿಸಿದರೆ ಟೇಪು ಕಿರುಗುಟ್ಟುತ್ತದೆ, ಟೇಪನ್ನು ಓದುವ ಯಂತ್ರದ ಹೆಡ್ಡಿಗೆ ಕಂದು ಪುಡಿ ಮೆತ್ತುತ್ತದೆ, ಮೆತ್ತಿದ್ದು ಸಂಗೀತವೇ. ಚಿಕಿತ್ಸೆಯೆಂದರೆ ಸುಮಾರು 50ರಿಂದ 55 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಗಂಟೆಗಟ್ಟಲೆ ಬೇಯಿಸುವುದು. ಗುಣ ಕೆಲವು ವಾರ ನಿಲ್ಲುತ್ತದೆ, ಅಷ್ಟರೊಳಗೆ ಡಿಜಿಟಲ್ ಪ್ರತಿ ತೆಗೆದುಕೊಳ್ಳಬೇಕು. ಅಡುಗೆಮನೆಯ ಓವನ್ ಇದಕ್ಕಲ್ಲ. ಅದರ ಶಾಖ ಒಂದೇ ಮಟ್ಟದಲ್ಲಿ ನಿಲ್ಲುವುದಿಲ್ಲ.

ಇನ್ನು ಸಿಡಿಯ ಅಳತೆ. ಒಂದರಲ್ಲಿ ಹಿಡಿಸುವುದು 74ರಿಂದ 80 ನಿಮಿಷ, ಕಚೇರಿ ಮೂರು ಗಂಟೆ ದಾಟಬಹುದು. ಹಾಗಾಗಿ ಒಂದೊಂದಕ್ಕೆ ಮೂರೋ ನಾಲ್ಕೋ ಸಿಡಿ ಬೇಕು. ತಂಡ ಶ್ರುತಿ ಮಾಡಿಕೊಳ್ಳುವ ಹೊತ್ತಿನಲ್ಲಿ ಸಿಡಿ ಮುಗಿದರೆ ಯಾರಿಗೂ ಬೇಸರವಿಲ್ಲ. ಬಾಣಗಳ ಸರಪಳಿ ಗಂಟೆಗಿಂತ ಉದ್ದವಾದಾಗ ಮಾತ್ರ, ಯಾವ ಕೊಂಡಿಯಲ್ಲಿ ಕತ್ತರಿಸುವುದೆಂದು ಮಾಸ್ಟರಿಂಗ್ ಮಾಡುವವರು, ಅಂದರೆ ಸಿಡಿಯ ಅಂತಿಮ ರೂಪ ಸಿದ್ಧಪಡಿಸುವವರು, ತಲೆ ಕೆಡಿಸಿಕೊಳ್ಳಬೇಕು.

73 ಸಿಡಿಗಳನ್ನು ಸಲೀಸಾಗಿ ಕೇಳಬೇಕೆಂದರೆ ಕಂಪ್ಯೂಟರಿಗೆ ಇಳಿಸಿಕೊಳ್ಳುವುದೇ ದಾರಿ. ಧ್ವನಿಯಲ್ಲಿ ಏನೂ ಕಳೆಯದೆ ಗಾತ್ರವನ್ನಷ್ಟೇ ಕುಗ್ಗಿಸುವ ಫ್ಲ್ಯಾಕ್ ಕಡತಗಳಾದರೆ ಒಟ್ಟು ಸುಮಾರು 25 ಗಿಗಾಬೈಟ್, ಈಗ ಅದೊಂದು ಜಾಗವೇ ಅಲ್ಲ. ಎಂಪಿ3 ಬೇಡ. ಅದು ಧ್ವನಿಯನ್ನು 1,152 ಮಾದರಿಗಳ (ಕ್ಷಣಕ್ಷಣದ ಅಳತೆಗಳ) ಕಟ್ಟುಗಳಾಗಿ ಕಟ್ಟುತ್ತದೆ. ಹಾಡು ಕಟ್ಟಿನ ನಡುವೆ ಮುಗಿದರೆ ಉಳಿದ ಜಾಗಕ್ಕೆ ಮೌನ ತುಂಬುತ್ತದೆ. ಆ ಮೌನವನ್ನು ಕಳೆಯಲು ಗೊತ್ತಿಲ್ಲದ ಪ್ಲೇಯರಿನಲ್ಲಿ ಪ್ರತಿ ಬಾಣದ ಜಾಗದಲ್ಲೂ ಒಂದು ಬಿಕ್ಕಳಿಕೆ. ಹಾಡುಗಳ ಕ್ರಮ ಕಲಸುವ ಷಫಲ್ ಒತ್ತುವವರ ಬಗ್ಗೆ ಹೇಳುವುದೇನೂ ಇಲ್ಲ.

ಸಿಡಿ ಒರೆಸುವುದು ನಡುವಿನಿಂದ ಅಂಚಿಗೆ ನೇರವಾಗಿ, ಸುತ್ತಲೂ ಉಜ್ಜಿ ಅಲ್ಲ. ಟ್ರ್ಯಾಕಿನ ಉದ್ದಕ್ಕೆ ಸುಮಾರು ಎರಡೂವರೆ ಮಿಲಿಮೀಟರ್ ಮಾಹಿತಿ ಹಾಳಾದರೂ ಪ್ಲೇಯರ್ ಲೆಕ್ಕ ಹಾಕಿ ಸರಿಪಡಿಸಿಕೊಳ್ಳುತ್ತದೆ. ಅಡ್ಡಗೀರು ಅದರೊಳಗೆ ದಾಟಿಹೋಗುತ್ತದೆ, ಟ್ರ್ಯಾಕಿನ ಗುಂಟ ಬಿದ್ದ ಗೀರು ದಾಟುವುದಿಲ್ಲ.

ಕೊನೆಗೆ ಫೋಲ್ಡರುಗಳ ಹೆಸರು. 1972-05-11 ಎಂದು ವರ್ಷ, ತಿಂಗಳು, ದಿನದ ಕ್ರಮದಲ್ಲಿ ಬರೆದರೆ 22 ಕಚೇರಿಗಳೂ ನಡೆದ ಸಾಲಿನಲ್ಲೇ ನಿಲ್ಲುತ್ತವೆ. ಊರಿನ ಹೆಸರಿನಿಂದ ಶುರುಮಾಡಿದರೆ ಆರ್ಹುಸ್ ಮೊದಲಾಗಿ, ಪ್ರವಾಸ ಶುರುವಾದ ವೆಂಬ್ಲಿ ಬಾಲಕ್ಕೆ ಹೋಗುತ್ತದೆ. ಅಮೆರಿಕದವರು ತಿಂಗಳನ್ನು ಮೊದಲು ಬರೆಯುತ್ತಾರೆಂಬುದೂ ನೆನಪಿರಲಿ. 5/4/72 ಎಂದರೆ ಮೇ 4, ಪ್ಯಾರಿಸ್ಸಿನ ಒಲಂಪಿಯಾ ಸಭಾಂಗಣ, ಮತ್ತೊಂದು ‘ಡಾರ್ಕ್ ಸ್ಟಾರ್’. ನಮ್ಮ ಲೆಕ್ಕದಲ್ಲಿ ಓದಿ ಏಪ್ರಿಲ್ 5ನ್ನು ಹುಡುಕುತ್ತ ಕೂತರೆ 73 ಸಿಡಿ ತಿರುವಿ ಹಾಕಿದರೂ ಸಿಗದು. ತಂಡ ಆ ಪ್ರವಾಸದ ಮೊದಲ ಕಚೇರಿಗೆ ವೇದಿಕೆ ಹತ್ತಿದ್ದೇ ಎರಡು ದಿನ ಕಳೆದು.