83 ಲಕ್ಷ ಚುಕ್ಕಿಯ ಚಾವಡಿ

ಕಳೆದ ವರ್ಷ, ಅಂದರೆ 2025ರಲ್ಲಿ, ಯಕ್ಷಗಾನ ಮೇಳಗಳು ತಿರುಗಾಟ ಮುಗಿಸುವ ಪತ್ತನಾಜೆಗೆ ನಾಲ್ಕು ದಿನ ಇರುವಾಗ ನಮ್ಮ ಟಿವಿಗೆ ಸಿಡಿಲು ಬಡಿಯಿತು. ಗುಡುಗಿದ ಕೂಡಲೇ ಪ್ಲಗ್ ಎಳೆಯುವುದು ಉಡುಪಿಯಲ್ಲಿ ಮಕ್ಕಳಿಗೂ ಗೊತ್ತಿರುವ ವಿದ್ಯೆ. ನಾನೂ ಎಳೆದಿದ್ದೆ. ಡಿಶ್‌ನ ವಯರ್ ತೆಗೆಯಲು ಮರೆತಿದ್ದೆ. ಸಿಡಿಲಿಗೆ ಅಷ್ಟು ದಾರಿ ಸಾಕಾಯಿತು. ಮೇಳದವರು ಗೆಜ್ಜೆ ಬಿಚ್ಚುವ ಹೊತ್ತಿಗೆ ಸರಿಯಾಗಿ ನಮ್ಮ ಟಿವಿಯೂ ಗೆಜ್ಜೆ ಬಿಚ್ಚಿತು. ಮಳೆಗಾಲ ಮುಗಿದ ಮೇಲೆ ಮೇಳ ಮತ್ತೆ ಹೊರಡುತ್ತದೆ. ಟಿವಿ ಹೊರಡುವ ಲಕ್ಷಣ ಕಾಣಲಿಲ್ಲ. ರಿಪೇರಿಯವ ಹಿಂದಿನ ಮುಚ್ಚಳ ತೆಗೆದು, ಒಳಗೆ ಒಮ್ಮೆ ಮೂಸಿ, "ಇದಕ್ಕೆ ದುಡ್ಡು ಹಾಕ್ಬೇಡಿ ಮಾರಾಯ್ರೆ" ಅಂದ.

ಹೊಸ ಟಿವಿ ಬಗ್ಗೆ ಅಮ್ಮನದ್ದು ಒಂದೇ ಬೇಡಿಕೆ. "ನ್ಯೂಸ್‌ನಲ್ಲಿ ಕೆಳಗೆ ಓಡ್ತದಲ್ಲ, ಆ ಅಕ್ಷರ ಓದ್ಲಿಕ್ಕೆ ಆಗ್ಬೇಕು. ಮತ್ತೆ ಎಂತದೂ ಬೇಡ."

ಇಷ್ಟು ಸಣ್ಣ ಬೇಡಿಕೆಗೆ ಎರಡು ತಿಂಗಳು ಹಿಡಿಯುತ್ತದೆ ಅಂತ ನನಗೆ ಗೊತ್ತಿರಲಿಲ್ಲ. ಹಿಂದೆಲ್ಲ ಟಿವಿ ತರುವಾಗ ಇದ್ದದ್ದು ಒಂದೇ ಪ್ರಶ್ನೆ. ಕಪ್ಪು-ಬಿಳುಪಾ, ಕಲರಾ? 1982ರಲ್ಲಿ ದೆಹಲಿಯ ಏಷ್ಯನ್ ಗೇಮ್ಸ್ ಹೊತ್ತಿಗೆ ದೂರದರ್ಶನಕ್ಕೆ ಬಣ್ಣ ಬಂತು. ನಮ್ಮ ಕೇರಿಗೆ ಬಣ್ಣ ಬರಬೇಕಾದರೆ ಗಲ್ಫ್‌ನಿಂದ ಯಾರಾದರೂ ರಜೆಗೆ ಬರಬೇಕಿತ್ತು. ಸೆಂಟು, ಟೈಗರ್ ಬಾಮು, ಟೂ ಇನ್ ಒನ್ ಜೊತೆಗೆ ಟಿವಿಯೂ ಇಳಿಯುತ್ತಿತ್ತು. ಪರದೆಯಲ್ಲಿ ಎಷ್ಟು ಚುಕ್ಕಿ (ಪಿಕ್ಸೆಲ್), ಯಾವ ಪ್ಯಾನೆಲ್ ಅಂತ ಯಾರೂ ಕೇಳುತ್ತಿರಲಿಲ್ಲ. ಚಿತ್ರ ಬಂದರೆ ಸಾಕು, ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದು ಕೂರುತ್ತಿದ್ದರು.

ಈಗ ಹಾಗಲ್ಲ. ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ "ಒಂದು ಟಿವಿ ತಗೊಳ್ಬೇಕು" ಅಂತ ಹಾಕಿದೆ. ಮದುವೆ, ಸಾವು, ಬೊಜ್ಜ (ಉತ್ತರಕ್ರಿಯೆ) ಯಾವುದಕ್ಕೂ ಉತ್ತರ ಕೊಡದವರೆಲ್ಲ ಎದ್ದು ಕೂತರು. ಬೆಂಗಳೂರಿನಲ್ಲಿರುವ ಅಕ್ಕನ ಮಗ ಫೋನೇ ಮಾಡಿದ.

"ಮಾವ, 4ಕೆಗಿಂತ ಕೆಳಗೆ ಇಳೀಬೇಡಿ. ಆದ್ರೆ 8ಕೆ ತಗೊಳ್ಳಿ. ಫ್ಯೂಚರ್ ಪ್ರೂಫ್."

"8ಕೆಯಲ್ಲಿ ಎಂತ ನೋಡುವುದು?"

"ಈಗ ಎಂತದೂ ಇಲ್ಲ ಮಾವ. ಮುಂದೆ ಬರ್ತದೆ."

ಬರುತ್ತದೆ, ಇಲ್ಲ ಅಂತ ಅಲ್ಲ. ಜಪಾನಿನ ಎನ್‌ಎಚ್‌ಕೆಯವರು 2018ರ ಡಿಸೆಂಬರಿನಲ್ಲೇ 8ಕೆ ಚಾನೆಲ್ ಶುರು ಮಾಡಿದ್ದಾರೆ. ಆದರೆ ಅಮ್ಮನಿಗೆ ಜಪಾನಿ ಭಾಷೆ ಬರುವುದಿಲ್ಲ.

ದುಬೈಯ ಭಾವನದ್ದು ಬೇರೆ ವಾದ. ಅವರಿಗೆ ಇಂಚು ಮುಖ್ಯ. "55ಕ್ಕಿಂತ ಸಣ್ಣದು ತಂದ್ರೆ ಗೋಡೆಗೆ ಸ್ಟಾಂಪು ಅಂಟಿಸಿದ ಹಾಗೆ ಕಾಣ್ತದೆ ಭಾವ." ಸರಿ, 55 ಇಂಚು ಅಂದರೆ ಎಷ್ಟು ಅಂತ ಅಡಿಕೋಲು ಹಿಡಿದು ಗೋಡೆಯ ಮೇಲೆ ಗೆರೆ ಹಾಕಿದೆ. ಆಮೇಲೆ ಗೊತ್ತಾಯಿತು, ಅದು ಮೂಲೆಯಿಂದ ಮೂಲೆಗೆ. ಅಗಲ ಬರೀ 48, ಎತ್ತರ 27. ನಮ್ಮೂರಿನಲ್ಲಿ ಯಾವ ಬ್ರೋಕರನೂ ಇಷ್ಟರವರೆಗೆ ಜಾಗವನ್ನು ಮೂಲೆಯಿಂದ ಮೂಲೆಗೆ ಅಳೆದು ಮಾರಿಲ್ಲ. ಅವರಿಗೆ ಇದು ಹೊಳೆದಿಲ್ಲ ಅಂತ ಕಾಣುತ್ತದೆ.

ಇನ್ನು ಈ 4ಕೆ. ಕೆ ಅಂದರೆ ಸಾವಿರ. ಅಡ್ಡಕ್ಕೆ ಒಂದು ಸಾಲಿನಲ್ಲಿ ನಾಲ್ಕು ಸಾವಿರ ಚುಕ್ಕಿ ಇರಬೇಕು ಅಲ್ವಾ? ಇರುವುದು 3840. ಬಾಕಿ 160 ಎಲ್ಲಿ ಹೋಯಿತು ಅಂತ ಕೇಳಿದರೆ, ಥಿಯೇಟರಿನ 4ಕೆ ಬೇರೆ, ಮನೆಯ 4ಕೆ ಬೇರೆ, ಅಲ್ಲಿ 4096 ಉಂಟು ಅನ್ನುತ್ತಾರೆ. ಶಂಕರಪುರ ಮಲ್ಲಿಗೆಯ ಒಂದು ಚೆಂಡಿಗೆ 800 ಹೂ ಲೆಕ್ಕ, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಒಂದು ಚೆಂಡಿನಲ್ಲಿ 160 ಹೂ ಕಡಿಮೆ ಕಟ್ಟಿ, "ಇದು ಮನೆಯ ಚೆಂಡು, ದೇವಸ್ಥಾನದ ಚೆಂಡು ಬೇರೆ" ಅಂತ ಹೇಳಿ ನೋಡಿ. ಸಂಜೆಯೊಳಗೆ ಊರಿಡೀ ಸುದ್ದಿ.

ಇನ್ನೂ ಒಂದು ಮಜಾ ಉಂಟು. ಹಿಂದೆ ಫುಲ್ ಎಚ್‌ಡಿ ಟಿವಿಗೆ 1080 ಅನ್ನುವಾಗ ಎಣಿಸುತ್ತಿದ್ದದ್ದು ಮೇಲಿನಿಂದ ಕೆಳಗೆ ಇರುವ ಸಾಲುಗಳನ್ನು. 4ಕೆ ಬಂದಾಗ ಎಣಿಕೆ ಮೆಲ್ಲಗೆ ಎಡದಿಂದ ಬಲಕ್ಕೆ ತಿರುಗಿತು. ಹಳೆ ಕ್ರಮದಲ್ಲೇ ಎಣಿಸಿದ್ದರೆ ಇದರ ಹೆಸರು 2160. ಒಟ್ಟು ಚುಕ್ಕಿ ನಾಲ್ಕು ಪಟ್ಟಾದದ್ದು ಸುಳ್ಳಲ್ಲ. ಫುಲ್ ಎಚ್‌ಡಿಯಲ್ಲಿ ಸುಮಾರು 21 ಲಕ್ಷ, 4ಕೆಯಲ್ಲಿ ಸುಮಾರು 83 ಲಕ್ಷ. ಆದರೂ ಉದ್ದ ಅಳೆಯುತ್ತಿದ್ದವ ನಡುವೆ ಅಡ್ಡ ಅಳೆಯಲು ಶುರು ಮಾಡಿದರೆ ಸ್ವಲ್ಪ ಜೇಬು ಮುಟ್ಟಿ ನೋಡಿಕೊಳ್ಳುವುದು ಒಳ್ಳೆಯದು.

ಅಷ್ಟರಲ್ಲಿ ತುಳುವರ ಆಟಿ ತಿಂಗಳು ಬಂತು. ನಮ್ಮ ಹಿರಿಯರ ಪ್ರಕಾರ ಆಟಿಯಲ್ಲಿ ಮದುವೆ ಇಲ್ಲ, ಮನೆ ಒಕ್ಕಲು ಇಲ್ಲ, ಹೊಸತು ಎಂತದೂ ತರುವ ಹಾಗಿಲ್ಲ. ಆಟಿ ಅಮಾವಾಸ್ಯೆಯ ಬೆಳಿಗ್ಗೆ ಹಾಲೆ ಮರದ ತೊಗಟೆಯ ಕಹಿ ಕಷಾಯ ಕುಡಿದು ಸುಮ್ನೆ ಕೂರುವ ತಿಂಗಳು ಅದು. ಯಾರೂ ಎಂತದೂ ಕೊಳ್ಳದ ಈ ತಿಂಗಳಿಗೇ ಅಂಗಡಿಯವರು "ಆಟಿ ಸೇಲ್" ಅಂತ ಬ್ಯಾನರ್ ಕಟ್ಟುತ್ತಾರೆ. ಸೀರೆಗೆ ಆಟಿ ಆಫರ್, ಫ್ರಿಜ್ಜಿಗೆ ಆಟಿ ಆಫರ್. ಅಮ್ಮ ಹೇಳಿದರು, "ಆಟಿಯಲ್ಲಿ ಬೇಡ ಮಗಾ. ಸೋಣ ತಿಂಗಳು ಬರ್ಲಿ." ಆಫರ್ ಆಟಿಗೆ ಮುಗಿಯುತ್ತದೆ ಅಂತ ನಾನು ಅಂದೆ. ಬಾಯಲ್ಲಿ ಕಷಾಯದ ಕಹಿ ಇರುವಾಗಲೇ ಅಂಗಡಿಗೆ ಹೊರಟೆ.

ಅಂಗಡಿಯೊಳಗೆ ಗೋಡೆ ತುಂಬ ಟಿವಿ. ಎಲ್ಲದರಲ್ಲೂ ಒಂದೇ ಚಿತ್ರ. ಗಿಳಿ. ಗಿಳಿ ಹೋದ ಮೇಲೆ ಜೇನು ಸುರಿಯುತ್ತದೆ. ಜೇನು ಮುಗಿದ ಮೇಲೆ ಯಾರೋ ಕಿತ್ತಳೆ ಕೊಯ್ಯುತ್ತಾರೆ, ಹನಿ ಹಾರುತ್ತದೆ. ಆಮೇಲೆ ಜ್ವಾಲಾಮುಖಿ. ನಿಜ ಹೇಳುತ್ತೇನೆ, ನನ್ನ ಜನ್ಮದಲ್ಲಿ ಮನೆಯ ಟಿವಿಯಲ್ಲಿ ಜೇನು ಸುರಿಯುವುದನ್ನು ನೋಡಿಲ್ಲ. ಬಣ್ಣವೂ ಹಾಗೇ. ಆ ಗಿಳಿ ಎದುರು ಬಡಗುತಿಟ್ಟು ಯಕ್ಷಗಾನದ ರಾಕ್ಷಸ ವೇಷವೂ ಸಪ್ಪೆ. ಅಂಗಡಿಯ ಬೆಳಕಿನಲ್ಲಿ ಎದ್ದು ಕಾಣಲಿ ಅಂತ ಬಣ್ಣ, ಬೆಳಕು ಎರಡನ್ನೂ ಕೊನೆಯವರೆಗೆ ತಿರುಗಿಸಿ ಇಟ್ಟಿರುತ್ತಾರೆ. ಮನೆಯಲ್ಲಿ ಹಾಗೆಯೇ ಇಟ್ಟರೆ ಸುದ್ದಿ ಓದುವವರ ಮುಖಕ್ಕೆ ಕಾಮಾಲೆ.

ಸೇಲ್ಸ್ ಹುಡುಗ ಒಳ್ಳೆಯವ. ಒಂದೇ ಉಸಿರಿಗೆ ಹೇಳಿದ, "ಸರ್ ಇದು ಕ್ಯೂಎಲ್‌ಇಡಿ, ಇದು ಮಿನಿ ಎಲ್‌ಇಡಿ, ಇದು ಓಎಲ್‌ಇಡಿ, ಇದಕ್ಕೆ ಎಚ್‌ಡಿಆರ್ ಉಂಟು, 120 ಹರ್ಟ್ಸ್ ಉಂಟು." ಚೌತಿಗೆ ಪುರೋಹಿತರು ಇಪ್ಪತ್ತೊಂದು ನಾಮ ಹೇಳುವಾಗಲೂ ನಡುವೆ ಒಮ್ಮೆ ಉಸಿರು ಎಳೆಯುತ್ತಾರೆ.

"120 ಹರ್ಟ್ಸ್ ಎಂತಕ್ಕೆ?"

"ಸೆಕೆಂಡಿಗೆ 120 ಚಿತ್ರ ಸರ್. ಬರದೇ ಇದ್ರೂ ಟಿವಿಯೇ ನಡುವೆ ಮಾಡಿ ಹಾಕ್ತದೆ."

ಅತ್ತೆ ತಲೆ ತಿರುಗಿಸಲಿಕ್ಕೇ ಮೂರು ನಿಮಿಷ ತೆಗೆದುಕೊಳ್ಳುವ ಧಾರಾವಾಹಿಗೆ ಸೆಕೆಂಡಿಗೆ 120 ಚಿತ್ರ! ನಮಗೆ ಬೇಕಾದದ್ದು ನಡುವೆ ಸೇರಿಸುವ ಟಿವಿ ಅಲ್ಲ ತಮ್ಮಾ, ನಡುವೆ ಕೊಯ್ಯುವ ಟಿವಿ.

ಒಂದು ಮಾತು ಒಪ್ಪಬೇಕು. ಓಎಲ್‌ಇಡಿಯ ಕಪ್ಪು ನಿಜವಾದ ಕಪ್ಪು. ಅದರಲ್ಲಿ ಪ್ರತಿ ಚುಕ್ಕಿಯೂ ತಾನೇ ಉರಿಯುತ್ತದೆ, ತಾನೇ ಆರುತ್ತದೆ. ಮಾಮೂಲಿ ಟಿವಿಗಳಲ್ಲಿ ಹಿಂದಿನಿಂದ ದೀಪ ಉರಿಯುತ್ತಲೇ ಇರುವುದರಿಂದ ಕತ್ತಲು ಬೂದಿ ಬಣ್ಣಕ್ಕೆ ತಿರುಗುತ್ತದೆ. ಇರುಳಿನ ಯಕ್ಷಗಾನ ನೋಡುವವರಿಗೆ ಈ ವ್ಯತ್ಯಾಸ ಚುಕ್ಕಿಯ ಲೆಕ್ಕಕ್ಕಿಂತ ಬೇಗ ಕಣ್ಣಿಗೆ ಬೀಳುತ್ತದೆ. ಬೆಲೆಯೂ ಹಾಗೇ, ಬೇಗ ಕಣ್ಣಿಗೆ ಬೀಳುತ್ತದೆ. ನಾನು ಮುಂದೆ ನಡೆದೆ.

"ಗಿಳಿ ಸಾಕು. ಒಂದು ಕನ್ನಡ ನ್ಯೂಸ್ ಹಾಕು," ಅಂದೆ.

ಹುಡುಗ ನನ್ನನ್ನು ನೋಡಿದ. ಕೃಷ್ಣಮಠದ ರಥಬೀದಿಯ ಹೋಟೆಲಿನಲ್ಲಿ ಬಂಗುಡೆ ಮೀನಿನ ಫ್ರೈ ಕೇಳಿದವನನ್ನು ನೋಡುವ ಹಾಗೆ. "ಅದು ಇದ್ರಲ್ಲಿ ಅಷ್ಟು ಚಂದ ಕಾಣುದಿಲ್ಲ ಸರ್," ಅಂದ, ದನಿ ತಗ್ಗಿಸಿ.

"ಎಂತಕ್ಕೆ?"

"ಅದು ಎಸ್‌ಡಿ ಸರ್."

ಅಲ್ಲೇ ಮೊಬೈಲ್ ತೆಗೆದು ಲೆಕ್ಕ ಹಾಕಿದೆ. ಎಸ್‌ಡಿ ಅಂದರೆ ಅಡ್ಡಕ್ಕೆ 720, ಉದ್ದಕ್ಕೆ 576. ಒಟ್ಟು 4,14,720 ಚುಕ್ಕಿ. 4ಕೆ ಪರದೆಯಲ್ಲಿ 82,94,400. ಭಾಗಿಸಿದರೆ ಬಂದದ್ದು 20. ಹೆಚ್ಚಿಲ್ಲ, ಕಡಿಮೆ ಇಲ್ಲ, ಶೇಷ ಸೊನ್ನೆ. ಅಂದರೆ ಪರದೆಯ ಪ್ರತಿ 20 ಚುಕ್ಕಿಯಲ್ಲಿ ಒಂದು ಮಾತ್ರ ಚಾನೆಲಿನಿಂದ ಬಂದದ್ದು. ಬಾಕಿ 19 ಅನ್ನು ಸೆಟ್ ಟಾಪ್ ಬಾಕ್ಸ್ ಸ್ವಲ್ಪ, ಟಿವಿ ಸ್ವಲ್ಪ ಸೇರಿ ಅಕ್ಕಪಕ್ಕದ ಚುಕ್ಕಿ ನೋಡಿ, "ಇಲ್ಲಿ ಹೀಗಿರಬಹುದು" ಅಂತ ತಾವೇ ಕಟ್ಟಿದ್ದು. ಹುಡುಗ ಇದನ್ನು ಎಐ ಅಪ್‌ಸ್ಕೇಲಿಂಗ್ ಅಂದ. ನಮ್ಮ ಕಡೆ ಇದಕ್ಕೆ ಬಸ್‌ಸ್ಟ್ಯಾಂಡ್ ಸುದ್ದಿ ಅನ್ನುತ್ತೇವೆ.

ನನಗೆ ಟಿವಿಯ ಮೇಲೆ ಸಿಟ್ಟು ಬರಲಿಲ್ಲ. ಒಂದು ಚುಕ್ಕಿ ಕೈಗೆ ಸಿಕ್ಕಿದರೆ ಹತ್ತೊಂಬತ್ತು ಕಟ್ಟುವ ವಿದ್ಯೆ ಅದಕ್ಕೆ ಯಾರಿಂದ ಬಂತು? ಎಲ್ಲೋ ಒಂದು ಕಾರು ನಿಂತಿದೆ ಅನ್ನುವುದೊಂದೇ ಸುದ್ದಿ. ರಾತ್ರಿ ಒಂಬತ್ತಕ್ಕೆ ಆ ಕಾರಿಗೆ ಡ್ರೈವರ್ ಬಂದಾಯಿತು, ಸಂಚು ಬಂದಾಯಿತು, ಗ್ರಾಫಿಕ್ಸ್ ಬಂದಾಯಿತು, ಕೆಂಪು ಬಾಣ ತಿರುಗಿ ಆಯಿತು. ಚರ್ಚೆಗೆ ಎಂಟು ಜನ, ಎಂಟು ಕಿಟಕಿ. ಕೆಳಗೆ ಎರಡು ಪಟ್ಟಿ, ಬದಿಯಲ್ಲಿ ಚಿನ್ನದ ರೇಟು, ಮೂಲೆಯಲ್ಲಿ ಕುಣಿಯುವ "ಬ್ರೇಕಿಂಗ್". ಇದೆಲ್ಲ ಕಳೆದು ಉಳಿದದ್ದನ್ನು ಹಂಚಿದರೆ ತಲಾ 50 ಸಾವಿರ ಚುಕ್ಕಿಯೂ ಸಿಗುವುದಿಲ್ಲ. ಅಷ್ಟರಲ್ಲಿ ಅವರು ದೇಶ ಕಾಯಬೇಕು. 8ಕೆ ತೆಗೆದುಕೊಂಡಿದ್ದರೆ ಲೆಕ್ಕ ಇನ್ನೂ ಚಂದ. 80ಕ್ಕೆ ಒಂದು. ಫ್ಯೂಚರ್ ಪ್ರೂಫ್ ಅಂದರೆ ಇದೇ ಇರಬೇಕು. ಮುಂದೆ ಸುದ್ದಿಯೂ ಅಲ್ಲಿಗೇ ಬಂದು ನಿಲ್ಲಬಹುದು.

ಇನ್ನು ಕೂರುವ ಜಾಗದ ತಕರಾರು. ಒಳ್ಳೆಯ ಕಣ್ಣಿಗೆ ಬೇರೆ ಬೇರೆಯಾಗಿ ಕಾಣುವ ಅತಿ ಸಣ್ಣ ಅಂತರ ಅಂದರೆ ಒಂದು ಡಿಗ್ರಿಯ 60ನೇ ಒಂದು ಭಾಗ. ಅದರ ಪ್ರಕಾರ 55 ಇಂಚಿನ ಫುಲ್ ಎಚ್‌ಡಿ ಪರದೆಯ ಚುಕ್ಕಿಗಳು ಏಳು ಅಡಿ ದಾಟಿದರೆ ಒಂದಕ್ಕೊಂದು ಕೂಡಿಕೊಳ್ಳುತ್ತವೆ. 4ಕೆಯ ಪೂರ್ತಿ ರುಚಿ ಬೇಕಾದರೆ ಮೂರೂವರೆ ಅಡಿಯಲ್ಲಿ ಕೂರಬೇಕು. ನಮ್ಮ ಚಾವಡಿಯಲ್ಲಿ ಅಮ್ಮನ ಕುರ್ಚಿ ಇರುವುದು ಹನ್ನೊಂದು ಅಡಿ ದೂರದಲ್ಲಿ. ಅಲ್ಲಿಂದ 4ಕೆಯೂ ಒಂದೇ, ಫುಲ್ ಎಚ್‌ಡಿಯೂ ಒಂದೇ. "ಹತ್ತಿರ ಕೂತ್ರೆ ಕಣ್ಣು ಹಾಳಾಗ್ತದೆ, ಹಿಂದೆ ಹೋಗು" ಅಂತ ನನ್ನ ಬಾಲ್ಯ ಪೂರ್ತಿ ಬೆತ್ತ ತೋರಿಸಿದವರು ಅಮ್ಮ. ಈಗ ನಾನು ಅವರ ಹತ್ತಿರ ಹೋಗಿ, "ಅಮ್ಮಾ, ಕೊಟ್ಟ ದುಡ್ಡು ಹುಟ್ಟಬೇಕಾದ್ರೆ ಮುಂದೆ ಬಂದು ಕೂರಿ" ಅನ್ನುವುದು ಹೇಗೆ?

ಇಷ್ಟೆಲ್ಲ ಗೊತ್ತಾದ ಮೇಲೆ ಬುದ್ಧಿ ಇದ್ದವ ಎಂತ ಮಾಡುತ್ತಾನೆ? ನಾನು 55 ಇಂಚಿನ 4ಕೆ ತೆಗೆದುಕೊಂಡೆ. 50 ಸಾವಿರ. ಫುಲ್ ಎಚ್‌ಡಿ ಕೇಳಿದ್ದೆ. "ಆ ಸೈಜಿನಲ್ಲಿ ಈಗ ಅದು ಬರುದೇ ಇಲ್ಲ ಸರ್" ಅಂದ ಹುಡುಗ. ಎರಡು ತಿಂಗಳು ಆರಿಸಿದ್ದು ಯಾವುದನ್ನು ಅಂತ ನನಗೆ ಈಗಲೂ ಗೊತ್ತಿಲ್ಲ.

ಮರುದಿನ ಗೋಡೆಗೆ ಹಾಕಲು ಇನ್ನೊಬ್ಬ ಹುಡುಗ ಬಂದ. ಅವನ ಕೈಯಲ್ಲಿ ಡ್ರಿಲ್. ನಮ್ಮದು ಕೆಂಪುಕಲ್ಲಿನ ಗೋಡೆ. ಡ್ರಿಲ್ ಬೆಣ್ಣೆಯೊಳಗೆ ಹೋದ ಹಾಗೆ ಹೋಯಿತು. ಹೊರಗೆ ಬರುವಾಗ ಅರ್ಧ ಸೇರು ಕೆಂಪು ಹುಡಿ ತಂದಿತು. ನಾಲ್ಕು ತೂತಾದ ಮೇಲೆ ಹುಡುಗ, "ಇದು ನಿಲ್ಲುದಿಲ್ಲ, ಟೇಬಲ್ ಮೇಲೆ ಇಡುವ" ಅಂದ. ಟೇಬಲ್ ಮೂರು ಅಡಿ. ಟಿವಿಯ ಕಾಲುಗಳು ಎರಡು ತುದಿಯಲ್ಲಿ, ಮೂರೂವರೆ ಅಡಿ ಅಂತರದಲ್ಲಿ. 83 ಲಕ್ಷ ಚುಕ್ಕಿ ಜೋಡಿಸಿದವರಿಗೆ ಎರಡು ಕಾಲನ್ನು ಸ್ವಲ್ಪ ಹತ್ತಿರ ಇಡಬಹುದಿತ್ತು. ಈಗ ಅದು ನಿಂತಿರುವುದು ಊಟದ ಬೆಂಚಿನ ಮೇಲೆ. ಊಟಕ್ಕೆ ನಾವು ನೆಲದಲ್ಲಿ ಕೂರುತ್ತೇವೆ.

ಮಳೆ ಜೋರಾದಾಗ ಡಿಶ್ ಸುಮ್ಮನಾಗುತ್ತದೆ. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಬೀಳುವ ಊರಿನಲ್ಲಿ ಮೋಡದ ಆಚೆಯಿಂದ ಚಿತ್ರ ತರಿಸಿಕೊಳ್ಳುವ ನಮ್ಮ ಧೈರ್ಯ ದೊಡ್ಡದು. "ಸಿಗ್ನಲ್ ಇಲ್ಲ" ಅನ್ನುವ ಬರಹ ಮಾತ್ರ ಬಹಳ ಸ್ಪಷ್ಟ. ಇಷ್ಟು ಚೂಪಾದ ಅಂಚು ಬೇರೆ ಯಾವ ಕಾರ್ಯಕ್ರಮದಲ್ಲೂ ನಾನು ನೋಡಿಲ್ಲ.

ಸೆಪ್ಟೆಂಬರ್ ಮೊದಲ ವಾರ. ಮಳೆ ಸ್ವಲ್ಪ ಬಿಟ್ಟಿತ್ತು. ನಾನು ಒಳಗೆ ತೆಂಗಿನಕಾಯಿ ತುರಿಯುತ್ತಿದ್ದೆ. ಅಮ್ಮ ಹನ್ನೊಂದು ಅಡಿ ದೂರದ ಕುರ್ಚಿಯಿಂದ ಜೋರಾಗಿ, ಒಂದೊಂದೇ ಅಕ್ಷರ ಬಿಡಿಸಿ ಓದುವುದು ಕೇಳಿತು.

"ಜಿಎಸ್‌ಟಿ ಇಳಿಕೆ. 32 ಇಂಚಿಗಿಂತ ದೊಡ್ಡ ಟಿವಿಗೆ 28 ಇದ್ದದ್ದು 18. ಈ ತಿಂಗಳು 22ರಿಂದ."

ಕೈ ನಿಂತಿತು. 50 ಸಾವಿರದ ಟಿವಿಗೆ ಸುಮಾರು 3,900 ರೂಪಾಯಿ ವ್ಯತ್ಯಾಸ.

"ಅಕ್ಷರ ಲಾಯ್ಕ ಕಾಣ್ತದೆ ಮಗಾ," ಅಂದರು ಅಮ್ಮ. "ಆಟಿಯಲ್ಲಿ ಬೇಡ ಅಂದಿದ್ದೆ ಅಲ್ವಾ? ಇರ್ಲಿ. ನಮ್ಮದು 32ಕ್ಕಿಂತ ದೊಡ್ಡದಾ?"

"ಇಲ್ಲ ಅಮ್ಮ," ಅಂದೆ. "ಎತ್ತರ ಬರೀ 27."