ಹನ್ನೊಂದನೇ ಕ್ಲಾಸಿನ ಆ ಒಂದು ವರ್ಷ ಹಾಳಾಗಲಿಲ್ಲ

ಹತ್ತನೇ ಕ್ಲಾಸ್ ಮುಗಿದ ಮೇಲೆ ಮಗಳನ್ನು ಸ್ಟೂಡೆಂಟ್ ಎಕ್ಸ್‌ಚೇಂಜ್‌ನಲ್ಲಿ, ಅಲ್ಲಿಯದೇ ಒಂದು ಕುಟುಂಬದ ಜೊತೆ ಇದ್ದು ಓದಲು, ಒಂದು ವರ್ಷ ಜರ್ಮನಿಯ ಶಾಲೆಗೆ ಕಳಿಸಿದ್ದೆವು ಅಂದ ಕೂಡಲೇ ನಮ್ಮ ಬಳಗದವರು ಕೇಳುವುದು ಒಂದೇ ಮಾತು: "ಅಯ್ಯೋ, ವರ್ಷ ಹಾಳಾಗ್ಲಿಲ್ವಾ?" ಮುಂಬಯಿ ಹತ್ತಿರದ ಡೊಂಬಿವಲಿಯ ನಮ್ಮ ಬಿಲ್ಡಿಂಗಿನಲ್ಲೂ ಇದೇ ಪ್ರಶ್ನೆ, ಊರಿನ ಮದುವೆ ಮನೆಯಲ್ಲೂ ಇದೇ. ಅವಳೀಗ ವಾಪಸ್ ಬಂದು ಜೂನಿಯರ್ ಕಾಲೇಜು (ಊರಿನ ಕಡೆಯ ಪಿಯುಸಿ) ಸೇರಿದ್ದಾಳೆ, ತನಗಿಂತ ಒಂದು ವರ್ಷ ಚಿಕ್ಕವರ ಜೊತೆ ಓದುತ್ತಿದ್ದಾಳೆ. ಇದೇ ಯೋಚನೆಯಲ್ಲಿರುವ ಒಂದಿಬ್ಬರು ತಾಯಂದಿರು ಕೇಳಿದ್ದರಿಂದ ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ.

ಪ್ರಶ್ನೆ ಎಲ್ಲಿಂದ ಬರುತ್ತದೆ ಅಂತ ನನಗೆ ಗೊತ್ತು. ಇಲ್ಲಿ ಎಸ್‌ಎಸ್‌ಸಿ, ಅಂದರೆ ಹತ್ತನೇ ಕ್ಲಾಸಿನ ಬೋರ್ಡ್ ಪರೀಕ್ಷೆಯ ರಿಸಲ್ಟ್ ಬಂದ ದಿನದಿಂದಲೇ ಮನೆಯಲ್ಲಿ ಬೇರೆ ಮಾತಿಲ್ಲ. ಆನ್‌ಲೈನ್ ಅಡ್ಮಿಷನ್ನಿನ ಲಿಸ್ಟು, ಕಟ್‌ಆಫ್, ಯಾವ ಕೋಚಿಂಗ್ ಕ್ಲಾಸಸ್, ಎರಡು ವರ್ಷದ ಫೀಸು ಎಷ್ಟು. ಜೆಇಇ ಅಥವಾ ನೀಟ್ ಬರೆಯುವ ಮಗು ಹನ್ನೊಂದನೇ ಕ್ಲಾಸಿನ ಮೊದಲ ವಾರದಿಂದಲೇ ಓಡಬೇಕು. ಹಾಗಿರುವಾಗ ಒಂದು ಮಗು ಆ ಸಾಲು ಬಿಟ್ಟು ಪಕ್ಕಕ್ಕೆ ನಿಂತರೆ ನೋಡುವವರಿಗೆ ಹೊಟ್ಟೆಯಲ್ಲಿ ಕಸಿವಿಸಿ. ಆದರೆ ಪಕ್ಕಕ್ಕೆ ನಿಂತ ಆ ವರ್ಷದಲ್ಲಿ ಮಗು ದಿನಾ ಏನು ಮಾಡುತ್ತದೆ ಅಂತ ಯಾರೂ ಕೇಳುವುದಿಲ್ಲ. ಕೇಳಬೇಕಾದದ್ದು ಅದನ್ನೇ.

ಬೆಳಗ್ಗೆ ಎಂಟರ ಸುಮಾರಿಗೆ ಶಾಲೆ. ಊರು ಚಿಕ್ಕದು, ಬಸ್ಸು ಒಂದು ತಪ್ಪಿದರೆ ಮುಂದಿನದಕ್ಕೆ ತುಂಬಾ ಹೊತ್ತು ಕಾಯಬೇಕು. ಕೆಲವೇ ನಿಮಿಷಕ್ಕೊಂದು ಲೋಕಲ್ ರೈಲು ನೋಡಿ ಬೆಳೆದ ಹುಡುಗಿಗೆ ಅದೇ ಮೊದಲ ಪಾಠ. ಯೂನಿಫಾರ್ಮ್ ಇಲ್ಲ. ಮಾರ್ಕ್ಸು ತಲೆಕೆಳಗು: ಒಂದು ಬಂದರೆ ಅತ್ಯುತ್ತಮ, ಆರು ಬಂದರೆ ಫೇಲು. ಇದಕ್ಕಿಂತ ದೊಡ್ಡ ಸಂಗತಿ ಎಂದರೆ, ಅಲ್ಲಿ ಬರೆಯುವ ಪರೀಕ್ಷೆಯ ಜೊತೆಗೆ ಕ್ಲಾಸಿನಲ್ಲಿ ಬಾಯಿ ಬಿಟ್ಟು ಮಾತಾಡುವುದಕ್ಕೂ ಮಾರ್ಕ್ಸಿದೆ, ಅದೂ ಸಣ್ಣ ಪಾಲಲ್ಲ. ಕೈಯೆತ್ತಬೇಕು, ಅಭಿಪ್ರಾಯ ಹೇಳಬೇಕು, ಟೀಚರ್ ಹೇಳಿದ್ದನ್ನು ಒಪ್ಪದಿದ್ದರೆ ಯಾಕೆ ಒಪ್ಪುವುದಿಲ್ಲ ಅನ್ನಬೇಕು. ನಮ್ಮಲ್ಲಿ ಸುಮ್ಮನೆ ಕೂತು ನೋಟ್ಸ್ ಬರೆದುಕೊಳ್ಳುವ ಮಗುವೇ ಒಳ್ಳೆಯ ಮಗು. ಅಲ್ಲಿ ಸುಮ್ಮನಿದ್ದರೆ, ಇವಳು ಪಾಠದಲ್ಲಿ ಪಾಲುಗೊಳ್ಳುತ್ತಿಲ್ಲ ಅಂತ ಲೆಕ್ಕ. ಭಾಷೆಯೇ ಬಾರದ ಮೊದಲ ತಿಂಗಳುಗಳಲ್ಲಿ ಇದು ಎಷ್ಟು ಕಷ್ಟ ಯೋಚಿಸಿ. ಮನೆಗೆ ಬಂದು ತಲೆನೋವು ಅಂತ ಮಲಗುತ್ತಿದ್ದಳಂತೆ. ಇಡೀ ದಿನ ಅರ್ಥವಾಗದ ಮಾತನ್ನು ಕಿವಿಗೊಟ್ಟು ಕೇಳುವುದು ಮೈಯನ್ನೂ ದಣಿಸುತ್ತದೆ.

ಆಮೇಲೆ ಮನೆ. ನನ್ನ ಮಟ್ಟಿಗೆ ಇಡೀ ವರ್ಷದ ತಿರುಳು ಶಾಲೆಯಲ್ಲ, ಈ ಮನೆ. ಇಟ್ಟುಕೊಳ್ಳುವ ಕುಟುಂಬಕ್ಕೆ ಯಾರೂ ದುಡ್ಡು ಕೊಡುವುದಿಲ್ಲ ಎಂಬುದು ನಮ್ಮ ಎಷ್ಟೋ ಜನರಿಗೆ ಗೊತ್ತೇ ಇಲ್ಲ. ಅವಳನ್ನು ಕಳಿಸಿದ ಎಕ್ಸ್‌ಚೇಂಜ್ ಸಂಸ್ಥೆ ಎಎಫ್‌ಎಸ್‌ನಲ್ಲಿ ಹೋಸ್ಟ್ ಫ್ಯಾಮಿಲಿಗೆ ಸಂಬಳವೂ ಇಲ್ಲ, ಬಾಡಿಗೆಯೂ ಇಲ್ಲ. ಯಾರದೋ ಮಗಳನ್ನು ತಮ್ಮ ಖರ್ಚಿನಲ್ಲಿ ಉಣ್ಣಿಸಿ, ಮಲಗಲು ಜಾಗ ಕೊಟ್ಟು, ಜ್ವರ ಬಂದರೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತಾರೆ. ಹಾಗಾಗಿ ಅವಳು ಅಲ್ಲಿ ಅತಿಥಿಯಲ್ಲ, ಮನೆಮಗಳು. ಮನೆಮಗಳೆಂದ ಮೇಲೆ ಕೆಲಸವೂ ಇರುತ್ತದೆ. ಮೇಜು ಸಜ್ಜು ಮಾಡುವುದು, ಡಿಶ್‌ವಾಶರ್ ಖಾಲಿ ಮಾಡುವುದು, ಶನಿವಾರ ಬಾತ್‌ರೂಮ್ ತೊಳೆಯುವುದು. ಕಾಗದದ ಕಸ ಬೇರೆ, ಪ್ಲಾಸ್ಟಿಕ್ ಬೇರೆ, ಅಡುಗೆಮನೆಯದ್ದು ಬೇರೆ. ಬಾಟಲಿಗಳನ್ನು ಅಂಗಡಿಯ ಮಶೀನಿಗೆ ವಾಪಸ್ ಹಾಕಿದರೆ, ಒಮ್ಮೆ ಮಾತ್ರ ಬಳಸುವ ಬಾಟಲಿಗೆ 25 ಸೆಂಟ್ ಡಿಪಾಸಿಟ್ ಕೈಗೆ ಬರುತ್ತದೆ. ನಮ್ಮ ಮನೆಯಲ್ಲಿ ಪಾತ್ರೆಗೂ ಕಸ ಗುಡಿಸಿ ಒರೆಸುವುದಕ್ಕೂ ಬಾಯಿ (ಮುಂಬಯಿಯಲ್ಲಿ ಮನೆಗೆಲಸದಾಕೆಯನ್ನು ಕರೆಯುವುದು ಹಾಗೆ) ಬರುತ್ತಾಳೆ. ಹದಿನಾರು ವರ್ಷ ಬಾತ್‌ರೂಮಿಗೆ ಬ್ರಶ್ ಹಿಡಿಯದೆ ಬೆಳೆದ ಹುಡುಗಿ ಅಲ್ಲಿ ವಾರವಾರ ತೊಳೆದಳು. ಈಗ ಇಲ್ಲಿಯೂ ತೊಳೆಯುತ್ತಾಳೆ, ಬಾಯಿಯನ್ನು ಕೂರಿಸಿ ಚಹಾ ಕೊಡುತ್ತಾಳೆ. ಯಾವ ಕ್ಲಾಸಸ್ಸೂ ಇದನ್ನು ಕಲಿಸಲಾರದು ಅಂತ ನಾನು ಎದೆ ತಟ್ಟಿ ಹೇಳುತ್ತೇನೆ.

ರಾತ್ರಿಯೂಟಕ್ಕೆ ತಣ್ಣಗಿನ ಬ್ರೆಡ್ಡು, ಚೀಸು, ಉಪ್ಪಿನಲ್ಲಿ ಹಾಕಿದ ಸೌತೆಕಾಯಿ. ಬಿಸಿ ಅನ್ನ, ಬಂಗುಡೆ ಸಾರು ಇಲ್ಲದೆ ಊಟವೇ ಆಗದವಳಿಗೆ ಅದು ಕಷ್ಟವಾಗಿಯೇ ಆಯಿತು. ಆದರೆ ಸಂಜೆ ಆರು ಆರೂವರೆಗೆ ಮನೆಯವರೆಲ್ಲ ಮೇಜಿನ ಸುತ್ತ ಕೂತು, ಯಾರೂ ಮೊಬೈಲ್ ಮುಟ್ಟದೆ, ಇವತ್ತು ಏನಾಯಿತು ಅಂತ ಒಬ್ಬೊಬ್ಬರೂ ಹೇಳುತ್ತಿದ್ದರಂತೆ. ಅವಳ ಜರ್ಮನ್ ಬೆಳೆದದ್ದು ಆ ಮೇಜಿನ ಹತ್ತಿರ. ಭಾನುವಾರ ಅಂಗಡಿಗಳೆಲ್ಲ ಬಂದ್, ಮನೆಯವರೆಲ್ಲ ಸೇರಿ ನಡೆದಾಡಿ ಬಂದು ಮಧ್ಯಾಹ್ನ ಕಾಫಿ, ಕೇಕು. ಆಟ ಶಾಲೆಯಲ್ಲಲ್ಲ, ಊರಿನ ಕ್ಲಬ್ಬಿನಲ್ಲಿ. ಆ ಊರಿನಲ್ಲಿ ಬೆಂಕಿ ಆರಿಸುವವರೂ ಊರಿನ ಸ್ವಯಂಸೇವಕರೇ, ಅವರ ಮಕ್ಕಳ ತಂಡವೂ ಒಂದಿದೆ. ಇವಳನ್ನೂ ಸೇರಿಸಿಕೊಂಡು ಪೈಪು ಹಿಡಿಸಿದರು.

ಹೇಳಲೇಬೇಕಾದ ಇನ್ನೊಂದು ಸಂಗತಿ, ಫೋನು. ಮುಂಬಯಿಯಲ್ಲಿ ರಾತ್ರಿ ಹತ್ತಾದಾಗ ಅಲ್ಲಿ ಬೇಸಿಗೆಯಾದರೆ ಆರೂವರೆ, ಚಳಿಗಾಲವಾದರೆ ಐದೂವರೆ. ನಾವು ಕೆಲಸ ಮುಗಿಸಿ, ಊಟ ಮಾಡಿ, ನಿಧಾನವಾಗಿ ವಿಡಿಯೋ ಕಾಲ್ ಮಾಡುವ ಹೊತ್ತು ಅವರು ಊಟದ ಮೇಜಿಗೆ ಕೂರುವ ಹೊತ್ತು. ದಿನಾ ಫೋನ್ ಮಾಡುವ ಅಪ್ಪ ಅಮ್ಮ ಮಗುವನ್ನು ದಿನಾ ಆ ಮೇಜಿನಿಂದ ಎಬ್ಬಿಸುತ್ತಾರೆ. ಹೊರಡುವ ಮುಂಚಿನ ಓರಿಯಂಟೇಷನ್ನಿನಲ್ಲಿ ಕಡಿಮೆ ಮಾತಾಡಿ ಅಂತ ಹೇಳಿದ್ದನ್ನು ನಾವು ಅಕ್ಷರಶಃ ಪಾಲಿಸಿದೆವು, ಭಾನುವಾರ ಮಾತ್ರ. ನವೆಂಬರಿನಲ್ಲಿ ಸಂಜೆ ಐದರೊಳಗೆ ಕತ್ತಲು, ಸ್ನೇಹಿತರು ಇನ್ನೂ ಗಟ್ಟಿಯಾಗಿಲ್ಲ, ಇಲ್ಲಿ ದೀಪಾವಳಿಯ ಫೋಟೋಗಳು. ಆಗ ಅತ್ತಳು. ನಾನೂ ಅತ್ತೆ. ಆದರೆ ಆ ರಾತ್ರಿ ಅವಳ ಪಕ್ಕ ಬಂದು ಕೂತದ್ದು ಅಲ್ಲಿಯ ಅಮ್ಮ, ಕೂರಬೇಕಾದ್ದೂ ಅವರೇ. ನಾನು ಸ್ಕ್ರೀನಿನಲ್ಲಿದ್ದಿದ್ದರೆ ಅವರು ಬಾಗಿಲಿನಿಂದಲೇ ಹಿಂದೆ ಹೋಗುತ್ತಿದ್ದರು.

"ಹೆಣ್ಣು ಮಗುವನ್ನು ಯಾರದೋ ಮನೆಯಲ್ಲಿ ಹೇಗೆ ಬಿಟ್ರಿ?" ಎಂಬ ಮಾತಿಗೂ ಉತ್ತರ ಹೇಳುತ್ತೇನೆ. ಹೋಸ್ಟ್ ಫ್ಯಾಮಿಲಿಯ ಹೊರಗೆ ಆ ಊರಿನಲ್ಲೇ ಒಬ್ಬ ಸ್ವಯಂಸೇವಕರು ಮಗುವಿಗೆ ಸಂಪರ್ಕದಲ್ಲಿರುತ್ತಾರೆ. ಹೊಂದಿಕೆಯಾಗದಿದ್ದರೆ ಮನೆ ಬದಲಾಯಿಸುತ್ತಾರೆ. ಅದು ನಾಚಿಕೆಪಡುವ ವಿಷಯವಲ್ಲ, ಅಂಥ ಮಕ್ಕಳೂ ಚೆನ್ನಾಗಿಯೇ ವರ್ಷ ಮುಗಿಸುತ್ತಾರೆ. ಗಾಡಿ ಓಡಿಸುವಂತಿಲ್ಲ, ನಿಯಮಗಳು ಬಿಗಿ. ಎಲ್ಲಕ್ಕಿಂತ ಹೆಚ್ಚಾಗಿ, ಮುಂಬಯಿಯ ಕನ್ನಡಿಗರು ಈ ಪ್ರಶ್ನೆ ಕೇಳುವಾಗ ನನಗೆ ನಮ್ಮ ಅಜ್ಜನ ನೆನಪಾಗುತ್ತದೆ. ಉಡುಪಿ ಕಡೆಯ ಹಳ್ಳಿಯಿಂದ ಹದಿನಾಲ್ಕನೇ ವಯಸ್ಸಿಗೆ ಮುಂಬಯಿಗೆ ಬಂದವರು. ಹಗಲು ಫೋರ್ಟ್ ಭಾಗದ ಹೋಟೆಲಿನಲ್ಲಿ ಕಪ್ಪು-ಬಸಿ ತೊಳೆದು, ರಾತ್ರಿ ಕನ್ನಡ ನೈಟ್ ಸ್ಕೂಲಿನಲ್ಲಿ ಓದಿದರು. ಅವರಂಥ ಎಷ್ಟು ಹುಡುಗರು ಆ ರಾತ್ರಿ ಶಾಲೆಗಳಲ್ಲಿ ಕೂತು ಈ ಊರಿನಲ್ಲಿ ನಮ್ಮ ಬದುಕು ಕಟ್ಟಿದರು! ಊರಿನ ಕಡೆ ವಾರಾನ್ನದ ಮನೆಗಳಿದ್ದವು, ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು, ಪರರ ಮಗುವಿಗೆ ಊಟ ಹಾಕಿ ಓದಿಸುತ್ತಿದ್ದರು. ಅಜ್ಜನಿಗೆ ರಿಟರ್ನ್ ಟಿಕೆಟ್ ಇರಲಿಲ್ಲ, ವಿಚಾರಿಸಲು ಸ್ವಯಂಸೇವಕರೂ ಇರಲಿಲ್ಲ. ಬಡತನ ತಳ್ಳಿತು, ಬಂದರು. ನನ್ನ ಮಗಳು ತಾನೇ ಬಯಸಿ ಹೋದಳು. ಈ ಎರಡೂ ಒಂದೇ ಅಲ್ಲ, ಅದು ನನಗೆ ಗೊತ್ತು. ಆದರೂ ಆ ವಯಸ್ಸಿನ ಮಗು ಪರರ ಮನೆಯಲ್ಲಿ ಬೆಳೆಯಬಲ್ಲದು ಎಂಬುದಕ್ಕೆ ನಮಗಿಂತ ಹೆಚ್ಚಿನ ಸಾಕ್ಷಿ ಯಾರಿಗಿದೆ?

ಎಎಫ್‌ಎಸ್ ಹುಟ್ಟಿದ ಕಥೆ ಓದಿದ ಮೇಲೆ ನನ್ನ ನಂಬಿಕೆ ಇನ್ನೂ ಗಟ್ಟಿಯಾಯಿತು. ಮೊದಲನೇ ಮಹಾಯುದ್ಧದಲ್ಲಿ ಫ್ರಾನ್ಸಿನಲ್ಲಿ ಗಾಯಾಳುಗಳನ್ನು ಹೊತ್ತ ಅಮೆರಿಕನ್ ಆಂಬ್ಯುಲೆನ್ಸ್ ಡ್ರೈವರುಗಳ ಸಂಘ ಅದು. ಎರಡನೇ ಯುದ್ಧದಲ್ಲೂ ಅದೇ ಕೆಲಸ. ಯುದ್ಧ ಮುಗಿದ ಮೇಲೆ, ಒಂದು ದೇಶದ ಮಕ್ಕಳು ಇನ್ನೊಂದು ದೇಶದ ಮನೆಗಳಲ್ಲಿ ಬಾಳಲಿ ಅಂತ ಅವರು ತೀರ್ಮಾನಿಸಿದರು. 1947ರಲ್ಲಿ ಮೊದಲ ವಿದ್ಯಾರ್ಥಿಗಳು ಅಮೆರಿಕಕ್ಕೆ ಬಂದರು. ಅಷ್ಟು ಸಾವು ಕಂಡವರು ಕೊನೆಗೆ ನೆಚ್ಚಿದ್ದು ಊಟದ ಮೇಜನ್ನು.

ಹಣದ ಮಾತೂ ಇದೆ. ಕಳಿಸುವವರಿಗೆ ಇದು ಅಗ್ಗವಲ್ಲ, ನಾವು ಅದಕ್ಕೆಂದೇ ಕೂಡಿಟ್ಟೆವು. ಆದರೆ ಸ್ಕಾಲರ್‌ಶಿಪ್‌ಗಳಿವೆ. ಅಮೆರಿಕದ ವಿದೇಶಾಂಗ ಇಲಾಖೆ 2002ರಲ್ಲಿ ಶುರು ಮಾಡಿದ 'ಯೆಸ್' ಕಾರ್ಯಕ್ರಮದಲ್ಲಿ ಭಾರತದ ಮಕ್ಕಳೂ ಹೋಗಿ ಬಂದಿದ್ದಾರೆ. ರೋಟರಿ ಕ್ಲಬ್ಬುಗಳ ಎಕ್ಸ್‌ಚೇಂಜೂ ಇದೆ, ಅದರಲ್ಲಿ ಒಂದೇ ವರ್ಷದಲ್ಲಿ ಎರಡು ಮೂರು ಮನೆಗಳಲ್ಲಿ ಇರುವ ಪದ್ಧತಿ. ಒಂದು ವಿನಂತಿ: ಕಾಲೇಜಿನ ಅರ್ಜಿಯಲ್ಲಿ ಚಂದ ಕಾಣಲಿ ಅಂತ ಮಾತ್ರ ಯಾರನ್ನೂ ಕಳಿಸಬೇಡಿ. ಮಗುವಿಗೇ ಹೋಗುವ ಆಸೆ ಇಲ್ಲದಿದ್ದರೆ ಆ ನವೆಂಬರ್ ದಾಟುವುದಿಲ್ಲ.

ಕಳಿಸುವುದಕ್ಕಿಂತ ನನಗೆ ಈಗ ಮುಖ್ಯವಾಗಿರುವುದು ಬರಮಾಡಿಕೊಳ್ಳುವುದು. ಎಕ್ಸ್‌ಚೇಂಜ್ ಅಂದ ಮೇಲೆ ಇಲ್ಲಿಗೂ ಮಕ್ಕಳು ಬರುತ್ತಾರೆ. ಮುಂಬಯಿಯಲ್ಲಿ, ಪುಣೆಯಲ್ಲಿ ಅವರಿಗೆ ಮನೆಗಳು ಬೇಕು. ನಮ್ಮದು ಎರಡು ಬೆಡ್‌ರೂಮಿನ ಫ್ಲ್ಯಾಟು, ಮಗಳ ಕೋಣೆಯಲ್ಲಿ ಇನ್ನೊಂದು ಮಂಚ ಹಾಕಿಸಿದ್ದೇವೆ, ಫಾರ್ಮ್ ತುಂಬಿದ್ದೇವೆ. ಬರುವ ಮಗುವಿಗೆ ಬೇಕಾಗಿರುವುದು ದೊಡ್ಡ ಮನೆಯಲ್ಲ, ಒಂದು ಮಂಚ, ಓದಲು ಮೂಲೆ, ಎಲ್ಲರ ಜೊತೆ ಊಟ. ಡೊಂಬಿವಲಿ, ಠಾಣೆ, ಮುಲುಂಡ್ ಕಡೆಯ ನಮ್ಮವರಲ್ಲಿ ಯಾರಿಗಾದರೂ ಮನಸ್ಸಿದ್ದರೆ ನನಗೆ ಮೆಸೇಜ್ ಮಾಡಿ. ಮನೆ ನೋಡಲು ಯಾರು ಬರುತ್ತಾರೆ, ಏನು ಕೇಳುತ್ತಾರೆ, ಎಲ್ಲ ಹೇಳುತ್ತೇನೆ. ಕಳಿಸುವ ಯೋಚನೆ ಇರುವವರು ಮಗು ಒಂಬತ್ತನೇ ಕ್ಲಾಸಿನಲ್ಲಿರುವಾಗಲೇ ವಿಚಾರಿಸಲು ಶುರು ಮಾಡಿ, ಹತ್ತರ ರಿಸಲ್ಟ್ ಬರುವವರೆಗೆ ಕಾದರೆ ಆ ವರ್ಷಕ್ಕೆ ತಡವಾಗಿರುತ್ತದೆ.